ಪುಟಾಣಿಗಳಿಗೆ ಫುಟ್‌ಬಾಲ್: ಹೇಳುವುದು ಕಡಿಮೆ, ಆಡಿಸುವುದು ಜಾಸ್ತಿ

ಪ್ರಶ್ನೆ: ಶಾಲೆಯಲ್ಲಿದ್ದಾಗ ಫುಟ್‌ಬಾಲ್ ಆಡಿದ್ದು ಬಿಟ್ಟರೆ ನನಗೆ ಬೇರೆ ಅನುಭವವಿಲ್ಲ. ಈಗ ಆರೇಳು ವರ್ಷದ ಹನ್ನೆರಡು ಮಕ್ಕಳಿಗೆ ಆಟ ಹೇಳಿಕೊಡುವ ಜವಾಬ್ದಾರಿ ಹೆಗಲಿಗೆ ಬಿದ್ದಿದೆ. ಸಾಲಾಗಿ ನಿಲ್ಲಿಸಿ ಪಾಸ್ ಕಲಿಸಲು ಹೋದರೆ ಐದೇ ನಿಮಿಷಕ್ಕೆ ಗಲಾಟೆ. ಮ್ಯಾಚ್ ಆಡಿಸಿದರೆ ಬೆಲ್ಲಕ್ಕೆ ಇರುವೆ ಮುತ್ತಿದಂತೆ ಎಲ್ಲರೂ ಚೆಂಡಿನ ಹಿಂದೆಯೇ. ಕೋಚಿಂಗ್ ಕಲಿಯಲು ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಆ ಸಾಲನ್ನು ಕೈಬಿಡಿ. ಒಬ್ಬೊಬ್ಬರಿಗೆ 10 ಸೆಕೆಂಡ್ ಎಂದು ಹಿಡಿದರೂ ಹನ್ನೆರಡು ಮಕ್ಕಳ ಸಾಲಿನಲ್ಲಿ ಒಂದು ಸುತ್ತಿಗೆ ಎರಡು ನಿಮಿಷ ಬೇಕು. ಅಂದರೆ ಕಾಲು ಗಂಟೆಯಲ್ಲಿ ಒಂದು ಮಗುವಿಗೆ ಸರದಿ ಬರುವುದು ಏಳೆಂಟು ಸಲ. ಮಿಕ್ಕ ಹೊತ್ತಿನಲ್ಲಿ ಅದು ಮುಂದಿನವರ ಅಂಗಿ ಜಗ್ಗದೆ ಇನ್ನೇನು ಮಾಡೀತು?

ಸಾಧ್ಯವಾದರೆ ಮಗುವಿಗೊಂದು ಚೆಂಡು ಕೊಡಿ. ದೊಡ್ಡವರು ಆಡುವ 5ನೇ ಸೈಜಿನ ಚೆಂಡು 410ರಿಂದ 450 ಗ್ರಾಂ ತೂಗುತ್ತದೆ, ಈ ವಯಸ್ಸಿನ ಕಾಲಿಗೆ ಅದು ಭಾರ. 3ನೇ ಸೈಜು ಸರಿಹೊಂದುತ್ತದೆ. ಕೋನ್ ಇಟ್ಟು ಸುಮಾರು 15 ಮೀಟರ್ ಉದ್ದಗಲದ ಚೌಕ ಮಾಡಿ. ಹತ್ತು ಮಕ್ಕಳು ಅದರೊಳಗೆ ತಂತಮ್ಮ ಚೆಂಡನ್ನು ಡ್ರಿಬಲ್ ಮಾಡುತ್ತಿರಲಿ, ಅಂದರೆ ಕಾಲಿನಿಂದ ಮೆಲ್ಲಗೆ ತಟ್ಟುತ್ತಾ ಜೊತೆಗೇ ಒಯ್ಯುತ್ತಿರಲಿ. ಉಳಿದ ಇಬ್ಬರು 'ಕಳ್ಳರು', ಸಿಕ್ಕಿದ ಚೆಂಡನ್ನು ಒದ್ದು ಚೌಕದಾಚೆ ಕಳಿಸುವುದು ಅವರ ಕೆಲಸ. ಚೆಂಡು ಕಳೆದುಕೊಂಡ ಮಗು 'ಔಟ್' ಅಲ್ಲ. ಚೆಂಡು ತಂದು, ಅದರ ಮೇಲೆ ಎಡಬಲ ಪಾದ ಬದಲಿಸುತ್ತಾ ಹತ್ತು ಸಲ ಮುಟ್ಟಿಸಿ ಮತ್ತೆ ಒಳಗೆ ಬರಲಿ. ಇಲ್ಲಿ ಔಟ್ ಮಾಡುವ ಪದ್ಧತಿ ಇಟ್ಟರೆ ಮೊದಲು ಹೊರಗೆ ಕೂರುವುದು ಅಭ್ಯಾಸ ಹೆಚ್ಚು ಬೇಕಾದ ಮಗುವೇ. ಸ್ವಲ್ಪ ಹೊತ್ತು ನೋಡುತ್ತಿರಿ. ಕಳ್ಳ ಹತ್ತಿರ ಬಂದಾಗ ಯಾವುದೋ ಒಂದು ಮಗು ಬೆನ್ನು ತಿರುಗಿಸಿ ಚೆಂಡಿಗೆ ಅಡ್ಡ ನಿಲ್ಲುತ್ತದೆ. ಚೆಂಡನ್ನು ಕಾಯುವ ಈ ವಿದ್ಯೆಯನ್ನು ನೀವು ಬಾಯಿಬಿಟ್ಟು ಹೇಳಿಕೊಟ್ಟಿರುವುದಿಲ್ಲ. ಆಟ ತೀರಾ ಸುಲಭವಾದರೆ ಚೌಕ ಕಿರಿದು ಮಾಡಿ, ಕಷ್ಟವಾದರೆ ಹಿಗ್ಗಿಸಿ. ಕೋಚಿಂಗ್‌ನ ಬಹುಪಾಲು ಇರುವುದು ಈ ಹಿಗ್ಗಿಸುವುದು ಕುಗ್ಗಿಸುವುದರಲ್ಲೇ.

ಇನ್ನು ಮುತ್ತಿಕೊಳ್ಳುವ ವಿಷಯ. ಆರು ವರ್ಷದ ಮಗುವಿನ ಲೋಕದಲ್ಲಿ ಇರುವುದು ತಾನು ಮತ್ತು ಚೆಂಡು, ಅಷ್ಟೇ. 'ದೂರ ದೂರ ನಿಲ್ಲಿ' ಎಂದು ಗಂಟಲು ಹರಿದುಕೊಂಡರೂ ತಲೆಗೆ ಹೋಗುವುದಿಲ್ಲ. ಅದರ ಬದಲು ಆಡುವವರ ಸಂಖ್ಯೆ ಇಳಿಸಿ: ಮೂವರ ಎದುರು ಮೂವರು, ಒಟ್ಟು ಎರಡು ಮ್ಯಾಚು ಪಕ್ಕಪಕ್ಕದಲ್ಲೇ ನಡೆಯಲಿ. ಪ್ರತಿ ತುದಿಯಲ್ಲಿ ಎರಡೆರಡು ಪುಟ್ಟ ಗೋಲು ಇರಲಿ, ಗೋಲ್‌ಕೀಪರ್ ಬೇಡ. ಒಂದು ಗೋಲಿನ ಮುಂದೆ ಗುಂಪು ಸೇರಿದಾಗ ಖಾಲಿ ಇರುವ ಇನ್ನೊಂದು ಗೋಲು ಕಣ್ಣಿಗೆ ಬೀಳಲೇಬೇಕು. ತಲೆಯೆತ್ತಿ ನೋಡುವ ರೂಢಿ ಹೀಗೆ ಹತ್ತುತ್ತದೆ. ಜರ್ಮನಿಯ ಫುಟ್‌ಬಾಲ್ ಸಂಸ್ಥೆ ಇಂಥದ್ದೇ ಪುಟ್ಟ ತಂಡ, ನಾಲ್ಕು ಗೋಲುಗಳ ಆಟವನ್ನು 2024-25ರ ಋತುವಿನಿಂದ ಎಳೆಯರಿಗೆ ಕಡ್ಡಾಯ ಮಾಡಿತು, ಅಂಕಪಟ್ಟಿಯನ್ನೂ ತೆಗೆದುಹಾಕಿತು. ನನ್ನ ಪ್ರಕಾರ ಸರಿಯಾದ ನಿರ್ಧಾರ. ಪಾಸ್‌ಗೆ ಅವಸರ ಬೇಡ, ಎಂಟು ಒಂಬತ್ತರ ಹೊತ್ತಿಗೆ ಅದು ತಾನಾಗಿ ಅರ್ಥವಾಗತೊಡಗುತ್ತದೆ.

ನಿಮ್ಮ ಕಲಿಕೆಯ ವಿಚಾರಕ್ಕೆ ಬಂದರೆ, ಅನುಭವಿ ಕೋಚ್ ಒಬ್ಬರ ಜೊತೆ ಸಹಾಯಕರಾಗಿ ಕೆಲವು ವಾರ ನಿಲ್ಲಿ. ಚೆಂಡನ್ನು ಬಿಟ್ಟು ಒಂದೇ ಮಗುವಿನ ಮೇಲೆ ಐದು ನಿಮಿಷ ಕಣ್ಣಿಟ್ಟು, ಅದು ಎಷ್ಟು ಸಲ ಚೆಂಡು ಮುಟ್ಟಿತು, ಎಷ್ಟು ಹೊತ್ತು ಸುಮ್ಮನೆ ನಿಂತಿತ್ತು ಎಂದು ಬರೆದುಕೊಳ್ಳಿ. ಅರ್ಧ ನಿಮಿಷಕ್ಕಿಂತ ಉದ್ದದ ಭಾಷಣ ಮಾಡಬೇಡಿ. ಮೊಣಕಾಲೂರಿ, ಅವರ ಕಣ್ಣಿನ ಮಟ್ಟಕ್ಕೆ ಬಂದು ಮಾತಾಡಿ. ಬಹುತೇಕ ರಾಷ್ಟ್ರೀಯ ಫುಟ್‌ಬಾಲ್ ಸಂಸ್ಥೆಗಳು ಹೊಸಬರಿಗೆ ಆರಂಭಿಕ ಕೋರ್ಸ್ ನಡೆಸುತ್ತವೆ, ಫಿಫಾದ ತರಬೇತಿ ಜಾಲತಾಣದಲ್ಲಿ ವಿಡಿಯೊಗಳು ಉಚಿತವಾಗಿ ಸಿಗುತ್ತವೆ. ಪ್ರಥಮ ಚಿಕಿತ್ಸೆ ಕಲಿತಿರಿ. ಗೋಲುಕಂಬ ಅಲುಗದಂತೆ ನೆಲಕ್ಕೆ ಬಿಗಿದಿದೆಯೇ ಎಂದು ಪ್ರತಿ ಸಲ ನೋಡಿ, ಮಗು ಅದಕ್ಕೆ ಜೋತುಬಿದ್ದು ಅದು ಮಗುಚಿದರೆ ಪ್ರಾಣಕ್ಕೇ ಅಪಾಯ.

ಪ್ರಶ್ನೆ: ಒಂಬತ್ತು ವರ್ಷದ ಮಗಳಿಗೆ ಹೆಡಿಂಗ್, ಅಂದರೆ ತಲೆಯಿಂದ ಚೆಂಡು ಹೊಡೆಯುವುದನ್ನು ಕಲಿಸಬಹುದೇ?

ಉತ್ತರ: ಬೇಡ. ಅಮೆರಿಕದ ಫುಟ್‌ಬಾಲ್ ಸಂಸ್ಥೆ 2015ರಲ್ಲೇ ಹತ್ತು ವರ್ಷ ಮತ್ತು ಅದಕ್ಕಿಂತ ಕೆಳಗಿನವರಿಗೆ ಹೆಡಿಂಗ್ ನಿಷೇಧಿಸುವುದಾಗಿ ಹೇಳಿತು. ಇಂಗ್ಲೆಂಡಿನಲ್ಲಿ ಪ್ರಾಥಮಿಕ ಶಾಲಾ ವಯಸ್ಸಿನವರ ತರಬೇತಿಯಲ್ಲಿ ಹೆಡಿಂಗ್ ಇರಬಾರದೆಂದು 2020ರಲ್ಲಿ ಮಾರ್ಗಸೂಚಿ ಬಂತು. ಬರುವ ಚೆಂಡನ್ನು ತೊಡೆಯಿಂದ, ಪಾದದಿಂದ ಹಿಡಿತಕ್ಕೆ ತೆಗೆದುಕೊಳ್ಳುವುದನ್ನು ಈಗ ಅಭ್ಯಾಸ ಮಾಡಿಸಿ.

ಪ್ರಶ್ನೆ: ನನ್ನ ಮಗ ದಪ್ಪಗಿದ್ದಾನೆಂದು ಯಾವಾಗಲೂ ಗೋಲ್‌ಕೀಪರ್ ಮಾಡುತ್ತಾರೆ. ಕೋಚ್ ಬಳಿ ಮಾತಾಡಬೇಕೇ?

ಉತ್ತರ: ಖಂಡಿತ ಮಾತಾಡಿ, ಆದರೆ ಆಟದ ನಡುವೆ ಗೆರೆಯಾಚೆಯಿಂದ ಕೂಗಿ ಅಲ್ಲ, ಆಟ ಮುಗಿದ ಮೇಲೆ. ಎಳೆಯ ವಯಸ್ಸಿನಲ್ಲಿ ಎಲ್ಲರೂ ಎಲ್ಲ ಜಾಗದಲ್ಲೂ ಆಡಬೇಕು. ಪ್ರತಿ ಪಂದ್ಯದಲ್ಲಿ ಅರ್ಧ ಹೊತ್ತಾದರೂ ಅವನನ್ನು ಮುಂದೆ ಆಡಿಸಲು ಕೇಳಿ.