ತಂಗಿಯ ಮಗ ಆಡುತ್ತಿದ್ದಾನೆ, ಅಂಪೈರ್ ಆಗಬಹುದಾ?

ಪ್ರಶ್ನೆ: ನಾನು ಕ್ರಿಕೆಟ್ ಅಂಪೈರ್. ತಂಗಿಯ ಮಗ ಆಡುವ ತಂಡದ ಪಂದ್ಯಕ್ಕೆ ನನ್ನನ್ನು ಹಾಕಿದ್ದಾರೆ. ನಾನು ಪಕ್ಷಪಾತ ಮಾಡುವವನಲ್ಲ. ಎರಡೂ ಕ್ಯಾಪ್ಟನ್‌ಗಳು ಪರವಾಗಿಲ್ಲ ಅಂದಿದ್ದಾರೆ. ಒಪ್ಪಿಕೊಳ್ಳಲಾ?

ಬೇಡ. ಪ್ರತಿ ಸೀಸನ್‌ನಲ್ಲೂ ಇದೇ ಪ್ರಶ್ನೆ, ಜೊತೆಗೆ ಇದೇ 'ನಾನು ಪ್ರಾಮಾಣಿಕ' ಅನ್ನುವ ಮಾತು. ನಿಮ್ಮ ಪ್ರಾಮಾಣಿಕತೆಯ ಮೇಲೆ ಯಾರಿಗೂ ಅನುಮಾನ ಇಲ್ಲ. ತೊಂದರೆ ಇರುವುದು ಬೇರೆ ಕಡೆ.

ಒಂದು ಎಲ್‌ಬಿಡಬ್ಲ್ಯು ಅಪೀಲ್ ತಗೊಳ್ಳಿ. ಚೆಂಡು ಲೆಗ್ ಸ್ಟಂಪ್‌ಗೆ ಸವರುತ್ತಿತ್ತೋ ಇಲ್ಲವೋ ಅನ್ನುವಷ್ಟು ಸಣ್ಣ ಅಂತರ. ಕ್ರೀಸ್‌ನಲ್ಲಿ ನಿಮ್ಮ ಹುಡುಗ. ನಾಟೌಟ್ ಅಂದರೆ ಎದುರಿನವರು ಗೊಣಗುತ್ತಾರೆ. ಔಟ್ ಕೊಟ್ಟರೆ, ಚೆಂಡು ನೋಡಿ ಕೊಟ್ಟಿರೋ ಆ ಗೊಣಗಾಟಕ್ಕೆ ಹೆದರಿ ಕೊಟ್ಟಿರೋ, ನಿಮಗೇ ಗೊತ್ತಾಗುವುದಿಲ್ಲ. ನಾನು ಜಾಸ್ತಿ ನೋಡಿರುವುದು ಇದನ್ನೇ. ಕಟ್ಟುನಿಟ್ಟು ತೋರಿಸಲು ಹೋಗಿ ಸ್ವಂತ ಹುಡುಗನಿಗೇ ಅನ್ಯಾಯ ಮಾಡುತ್ತಾರೆ. ಸಂಶಯದ ಲಾಭ ಅವನಿಗೂ ಸಿಗಬೇಕು, ಅಲ್ವಾ?

2020ರಲ್ಲಿ ಕೋವಿಡ್‌ನಿಂದಾಗಿ ಟೆಸ್ಟ್‌ಗಳಿಗೆ ಆತಿಥೇಯ ದೇಶದ ಅಧಿಕಾರಿಗಳನ್ನೇ ಹಾಕುತ್ತಿದ್ದಾಗ, ಮ್ಯಾಚ್ ರೆಫರಿ ಕ್ರಿಸ್ ಬ್ರಾಡ್ ತಮ್ಮ ಮಗ, ಇಂಗ್ಲೆಂಡ್ ಬೌಲರ್ ಸ್ಟುವರ್ಟ್ ಬ್ರಾಡ್‌ಗೆ ಪಂದ್ಯ ಶುಲ್ಕದ 15% ದಂಡ ಹಾಕಿದರು. 'ನೋಡಿ, ಅಪ್ಪನೇ ಹಾಕಿದ' ಎಂದು ಎಲ್ಲರೂ ಈ ಉದಾಹರಣೆ ಕೊಡುತ್ತಾರೆ. ದಂಡ ಸರಿಯೇ ಇರಬಹುದು. ಆದರೆ ಅಪ್ಪನನ್ನು ಆ ಜಾಗದಲ್ಲಿ ಕೂರಿಸಿದ್ದು ತಪ್ಪು. ಅಮೆರಿಕದ ಬೇಸ್‌ಬಾಲ್‌ನವರು ಮೇಲು. ಪಿಚರ್ ರ್‍ಯಾಂಡಿ ವುಲ್ಫ್ ಚೆಂಡು ಎಸೆಯುವಾಗ ಅವರ ಅಣ್ಣ, ಅಂಪೈರ್ ಜಿಮ್ ವುಲ್ಫ್ ಹೋಮ್ ಪ್ಲೇಟ್ ಹಿಂದೆ ನಿಲ್ಲುವಂತಿರಲಿಲ್ಲ. ಎಸೆತ ಸರಿಯಾದ ಜಾಗದಲ್ಲಿ ಹೋಯಿತೋ ಇಲ್ಲವೋ, ಅಂದರೆ ಸ್ಟ್ರೈಕ್ ಹೌದೋ ಅಲ್ಲವೋ ಎಂದು ಹೇಳುವ ಜಾಗ ಅದು.

ಕ್ಯಾಪ್ಟನ್‌ಗಳ ಒಪ್ಪಿಗೆಗೆ ಬೆಲೆ ಇಲ್ಲ. ಇನ್ನು ಅರ್ಧ ಗಂಟೆಗೆ ನಿಮ್ಮ ಮುಂದೆ ಅಪೀಲ್ ಮಾಡಬೇಕಾದವನು ಮುಖದೆದುರೇ 'ಬೇಡ' ಅಂತಾನಾ? ನೇಮಕ ಗೊತ್ತಾದ ದಿನವೇ ಬರವಣಿಗೆಯಲ್ಲಿ ತಿಳಿಸಿ, ಬೇರೆಯವರನ್ನು ಹಾಕಲು ಹೇಳಿ. ಹುಡುಗನ ತಂಡದ ಪಂದ್ಯ ಮಾತ್ರ ಅಲ್ಲ. ಅಂಕಪಟ್ಟಿಯಲ್ಲಿ ಅವರನ್ನು ಮೇಲೆ ಕೆಳಗೆ ಮಾಡುವ ಬೇರೆ ತಂಡಗಳ ಪಂದ್ಯವನ್ನೂ ಬಿಡಿ. ಇದನ್ನು ಬಹಳ ಜನ ಮರೆಯುತ್ತಾರೆ.

ಪ್ರಶ್ನೆ: ಸರ್‌ನೇಮ್ ಬೇರೆ ಇದೆ, ಸುಮ್ನೆ ಇದ್ದುಬಿಡಿ ಅಂತ ಹಿರಿಯರೊಬ್ಬರು ಹೇಳಿದರು.

ಅವರ ಹತ್ತಿರ ಇನ್ನೊಮ್ಮೆ ಸಲಹೆ ಕೇಳಬೇಡಿ.

ಪ್ರಶ್ನೆ: ಗಂಡ ಫೆಡರೇಶನ್ ಅಧಿಕಾರಿ, ನಾನು ಜಿಮ್ನಾಸ್ಟಿಕ್ಸ್ ತೀರ್ಪುಗಾರ್ತಿ. ನಿಯಮದಲ್ಲಿ ತಡೆ ಇಲ್ಲ.

2014ರ ಸೋಚಿ ಒಲಿಂಪಿಕ್ಸ್‌ನ ಫಿಗರ್ ಸ್ಕೇಟಿಂಗ್‌ನಲ್ಲೂ ಇದೇ ಆಗಿತ್ತು. ರಷ್ಯಾ ಫೆಡರೇಶನ್‌ನ ಉನ್ನತ ಅಧಿಕಾರಿಯ ಪತ್ನಿ ತೀರ್ಪುಗಾರರಲ್ಲಿ ಒಬ್ಬರಾಗಿದ್ದರು. ಎರಡನೇ ಸ್ಥಾನ ಪಡೆದ ಕೊರಿಯಾದ ದೂರು ಬಿದ್ದುಹೋಯಿತು. ಆದರೂ ಚಿನ್ನ ಗೆದ್ದ ರಷ್ಯಾದ ಹುಡುಗಿ ಆ ಅನುಮಾನದಿಂದ ತಪ್ಪಿಸಿಕೊಳ್ಳಲಾಗಲಿಲ್ಲ. ನೀವು ಹಿಂದೆ ಸರಿಯಿರಿ.

ಪ್ರಶ್ನೆ: ಸ್ಕೋರರ್‌ಗೂ ಇದು ಅನ್ವಯಿಸುತ್ತಾ?

ಹೌದು.