ಟಿವಿ ಸುದ್ದಿವಾಹಿನಿಯೊಂದರ ಕಥೆ ಹೇಳುವ ಅಮೆರಿಕದ ‘ದಿ ನ್ಯೂಸ್‌ರೂಮ್’ ಸರಣಿಯನ್ನು ಕೆಲವರು ಹೊಗಳುತ್ತಾರೆ, ಕೆಲವರು ಬೈಯುತ್ತಾರೆ. ಯಾಕೆ?

ಮುಖ್ಯ ಕಾರಣ, ಇದರಲ್ಲಿ ನಿಜವಾಗಿ ನಡೆದ ಸುದ್ದಿಗಳನ್ನೇ ಬಳಸಿದ್ದಾರೆ, ಆದರೆ ಎರಡು ವರ್ಷ ಬಿಟ್ಟು. 2012ರಲ್ಲಿ ಎಚ್‌ಬಿಒ ಚಾನೆಲ್‌ನಲ್ಲಿ ಬಂದ ಮೊದಲ ಕಂತಿನ ಕಥೆ 2010ರ ಏಪ್ರಿಲ್‌ನಲ್ಲಿ ಮೆಕ್ಸಿಕೊ ಕೊಲ್ಲಿಯಲ್ಲಿ ಆದ ತೈಲ ಬಾವಿ ಸ್ಫೋಟದ್ದು. ಬರೆದವರಿಗೆ ಮುಂದೇನಾಯ್ತು ಅಂತ ಗೊತ್ತಿತ್ತು, ಹಾಗಾಗಿ ಪಾತ್ರಗಳು ಕೆಲವೇ ಗಂಟೆಯಲ್ಲಿ ಸರಿಯಾದ ಉತ್ತರ ಹಿಡಿದುಬಿಡುತ್ತವೆ. ಸುದ್ದಿ ಹೀಗಿರಬೇಕು ಅಂತ ಆಸೆ ಇರುವವರಿಗೆ ಅದು ತುಂಬಾ ಹಿಡಿಸುತ್ತದೆ. ಸುದ್ದಿಮನೆಯಲ್ಲಿ ದುಡಿದವರಿಗೆ ಕಿರಿಕಿರಿ.

ನಾನು ಬಾಗಲಕೋಟೆಯಲ್ಲಿ ವರದಿಗಾರ. ಮಳೆಗಾಲದಲ್ಲಿ ಆಲಮಟ್ಟಿಯಿಂದ ಎಷ್ಟು ಕ್ಯೂಸೆಕ್ ಬಿಟ್ಟರು ಅನ್ನೋ ಒಂದೇ ಅಂಕಿ ಖಚಿತ ಮಾಡಿಕೊಳ್ಳಲು ರಾತ್ರಿ ನಾಲ್ಕೈದು ಫೋನ್ ಮಾಡಬೇಕು, ಅಷ್ಟರಲ್ಲಿ ಪುಟ ಮುಗಿಸಿ ಅಂತ ಡೆಸ್ಕ್‌ನವರ ಅವಸರ, ಇತ್ತ ನದಿ ದಂಡೆಯ ಊರಿನವರು ನನಗೇ ಫೋನ್ ಮಾಡಿ “ಸರ, ದನ ಬಿಚ್ಚಬೇಕೇನ್ರಿ?” ಅಂತ ಕೇಳುತ್ತಿರುತ್ತಾರೆ. ಆ ಗೊಂದಲ, ಆ ಭಯ ಈ ಸರಣಿಯಲ್ಲಿ ಕಡಿಮೆ.

ಆದರೂ ಎರಡನೇ ಸೀಸನ್ ತಪ್ಪದೇ ನೋಡಿ. ಸಂದರ್ಶನದ ಟೇಪ್ ಕತ್ತರಿಸಿದ್ದು ಯಾರ ಕಣ್ಣಿಗೂ ಬೀಳದೆ ಸುಳ್ಳು ವರದಿಯೊಂದು ಹೇಗೆ ಪ್ರಸಾರವಾಗುತ್ತದೆ ಅನ್ನೋದನ್ನು ಅದರಲ್ಲಿ ಚೆನ್ನಾಗಿ ತೋರಿಸಿದ್ದಾರೆ.