ಬ್ಲೂ-ರೇ ಸಿನಿಮಾದಲ್ಲಿ ಹಾಡು ಜೋರು, ಮಾತು ಕೇಳಲ್ಲ: ಪ್ರತಿಕ್ರಿಯೆ

ರೊಮ್ಯಾಂಟಿಕ್ ಕಾಮಿಡಿಯಲ್ಲಿ ಮಾತು ಪಿಸುಗುಟ್ಟಿದ ಹಾಗೆ, ಹಾಡು ಬಂದರೆ ಮನೆ ನಡುಗುವ ಹಾಗೆ ಕೇಳುತ್ತೆ ಅಂದಿದ್ದೀರಿ. ಡಿಸ್ಕ್ ಕೆಟ್ಟಿರಲಿಕ್ಕಿಲ್ಲ. 5.1 ಆಡಿಯೋದಲ್ಲಿ (ಐದು ಸ್ಪೀಕರ್ ಮತ್ತು ಒಂದು ಸಬ್‌ವೂಫರ್‌ಗೆ ಬೇರೆ ಬೇರೆ ಸದ್ದು) ಮಾತು ಹೆಚ್ಚಾಗಿ ನಡುವಿನ ಸ್ಪೀಕರ್‌ಗೆ ಹೋಗುವ ಸೆಂಟರ್ ಚಾನೆಲ್‌ನಲ್ಲಿರುತ್ತೆ, ನಿಮ್ಮ ಟಿವಿಯಲ್ಲಿರುವುದು ಎರಡೇ ಸ್ಪೀಕರ್, ಹಾಗಾಗಿ ಎಲ್ಲವನ್ನೂ ಬೆರೆಸಿ ಕೊಡುವಾಗ ಮಾತು ಅಡಗಿಹೋಗುತ್ತಿರಬೇಕು.

ಮೊದಲು ಡಿಸ್ಕ್ ಮೆನುವಿನಲ್ಲಿ 2.0 ಟ್ರ್ಯಾಕ್ (ಎರಡೇ ಸ್ಪೀಕರ್‌ಗೆ ಮಾಡಿದ ಆಡಿಯೋ) ಇದೆಯಾ ನೋಡಿ. ಅದನ್ನು ಹಾಕಿದಾಗ, ಸಿನಿಮಾ ಓಡುತ್ತಿರುವಂತೆಯೇ ಪಕ್ಕದಲ್ಲಿ ಯಾರೋ ಶೂಟಿಂಗ್ ಕಥೆ ಹೇಳುತ್ತಿದ್ದರೆ ಅದು ಕಾಮೆಂಟರಿ, ಅದು ಬೇಡ.

ಅಂಥ 2.0 ಟ್ರ್ಯಾಕ್ ಇಲ್ಲದಿದ್ದರೆ ಪ್ಲೇಯರ್‌ನ ಆಡಿಯೋ ಸೆಟ್ಟಿಂಗ್‌ಗೆ ಹೋಗಿ. ಬಿಟ್‌ಸ್ಟ್ರೀಮ್ (ಆಡಿಯೋವನ್ನು ಬಿಡಿಸದೆ ಟಿವಿಗೆ ಕಳಿಸುವುದು) ಬದಲು ಪಿಸಿಎಂ (ಪ್ಲೇಯರೇ ಬಿಡಿಸಿ ಕಳಿಸುವುದು) ಆರಿಸಿ, ಡೌನ್‌ಮಿಕ್ಸ್ (ಹಲವು ಚಾನೆಲ್ ಬೆರೆಸುವ ಆಯ್ಕೆ) ಇದ್ದರೆ ಸ್ಟೀರಿಯೋ ಆರಿಸಿ, ಆಮೇಲೆ ಡಿಆರ್‌ಸಿ (ಡೈನಾಮಿಕ್ ರೇಂಜ್ ಕಂಟ್ರೋಲ್) ಆನ್ ಮಾಡಿ. ಒಂದೊಂದು ಕಂಪನಿಯಲ್ಲಿ ಡಿಆರ್‌ಸಿ ಹೆಸರು ಒಂದೊಂದು ಥರ, ನಿಮ್ಮದರಲ್ಲಿ ನೈಟ್ ಮೋಡ್ ಅಂತಲೂ ಇರಬಹುದು. ಜೋರು ಸದ್ದನ್ನು ತಗ್ಗಿಸಿ ಮೆಲುದನಿಯನ್ನು ಎತ್ತುವುದು ಇದೇ, ಜಾಸ್ತಿ ವ್ಯತ್ಯಾಸ ಕಾಣುವುದೂ ಇದರಿಂದಲೇ. ಟಿವಿಯ ಸರೌಂಡ್ ಎಫೆಕ್ಟ್ ಆಫ್ ಮಾಡಿ.

ಸುಮ್ನೆ ಸಬ್‌ಟೈಟಲ್ ಹಾಕಿಕೊಂಡು ಸಹಿಸಬೇಡಿ, ಇಂಥ ಸಿನಿಮಾದ ಮಜಾ ಇರುವುದೇ ನಾಯಕ-ನಾಯಕಿಯ ಮಾತಿನ ಜಟಾಪಟಿಯಲ್ಲಿ ಅಲ್ವಾ! ಇಷ್ಟಾದರೂ ಸರಿಹೋಗದಿದ್ದರೆ ಸೌಂಡ್‌ಬಾರ್ ಬೇಕಾಗಬಹುದು. ಆಗ 3.1 ತಗೊಳ್ಳಿ, 2.1ರಲ್ಲಿ ಸೆಂಟರ್ ಚಾನೆಲ್ ಇರುವುದಿಲ್ಲ.